ಪಾಲಡಿನ್‌ಗೆ ಸೋರ್ಸರರ್ ಸೇರಿಸೋದಾದ್ರೆ ಯಾವ ಲೆವೆಲ್‌ನಲ್ಲಿ?

ದಾಳಗಾರ: ದಾಳ ಹಾಕಿ ಪಾತ್ರ ಆಡೋ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿ, 2014ರ ರೂಲ್ಸ್. ಹಾಫ್-ಎಲ್ಫ್ ಪಾಲಡಿನ್ (ದೈವಬಲದ ಯೋಧ): ಸ್ಟ್ರೆಂಗ್ತ್ 16, ಕಾನ್ (ಕಾನ್‌ಸ್ಟಿಟ್ಯೂಷನ್, ದೇಹದ ಗಟ್ಟಿತನ) 14, ಕರಿಸ್ಮಾ 16, ಉಳಿದ ಮೂರೂ 10. ಕತ್ತಿ, ಶೀಲ್ಡ್. ಆಟ 10ನೇ ಲೆವೆಲ್‌ಗೆ ಮುಗಿಯುತ್ತೆ. ಸ್ಮೈಟ್ (ಸ್ಪೆಲ್ ಸ್ಲಾಟ್, ಅಂದ್ರೆ ಮಂತ್ರ ಹಾಕೋಕೆ ದಿನಕ್ಕಿಷ್ಟೇ ಅಂತ ಸಿಗೋ ಬಲ, ಖರ್ಚು ಮಾಡಿ ಏಟಿಗೆ ಹೆಚ್ಚು ದಾಳ ಸೇರಿಸೋದು) 2ಕ್ಕೇ ಬರುತ್ತಲ್ಲ, ಆಮೇಲೆ ಪೂರ್ತಿ ಸೋರ್ಸರರ್ (ಹುಟ್ಟು ಮಾಂತ್ರಿಕ) ತಗೊಂಡ್ರೆ ಏನು ನಷ್ಟ?

ಕವಚಧಾರಿ: ಎಕ್ಸ್‌ಟ್ರಾ ಅಟ್ಯಾಕ್, ಅಂದ್ರೆ ಒಂದೇ ಸರದೀಲಿ ಎರಡನೇ ಏಟು, ನಷ್ಟ. ಅದು ಪಾಲಡಿನ್ 5ಕ್ಕೆ ಬರೋದು, ಒಟ್ಟು ಲೆವೆಲ್ ಎಷ್ಟಿದ್ರೂ ಲೆಕ್ಕಕ್ಕಿಲ್ಲ. 5ನೇ ಲೆವೆಲ್‌ನಲ್ಲಿ ಫೈಟರ್ ಎರಡು ಸಲ ಹೊಡೀತಾನೆ, ವಿಝರ್ಡ್ ಫೈರ್‌ಬಾಲ್ ಹಾಕ್ತಾನೆ. ಪಾಲಡಿನ್ 2, ಸೋರ್ಸರರ್ 3 ಆಗಿರೋ ನಿಮ್ಮ ಹತ್ರ ಎರಡೂ ಇಲ್ಲ. 6 ತನಕ ಕಾಯಿರಿ. 6ರ ಆರಾ ನಿಮ್ಮ ಕರಿಸ್ಮಾ +3ನ್ನ ಎಲ್ಲ ಸೇವ್‌ಗೂ (ಅಪಾಯದಿಂದ ತಪ್ಪಿಸಿಕೊಳ್ಳೋಕೆ ಹಾಕೋ ದಾಳ) ಸೇರಿಸುತ್ತೆ, 10 ಅಡಿ ಒಳಗಿರೋ ಜೊತೆಗಾರರಿಗೂ.

ನಿಂಬೆಹುಳಿ: ಅಷ್ಟೊಂದು ಹೆದರಿಸಬೇಡಿ. ಬೂಮಿಂಗ್ ಬ್ಲೇಡ್ ಅನ್ನೋ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಮಂತ್ರ) ಇದೆ, ಕ್ಯಾಂಟ್ರಿಪ್ ಬೆಳೆಯೋದು ಒಟ್ಟು ಲೆವೆಲ್ ಮೇಲೆ. 5ರಿಂದ ಏಟು ತಾಗಿದ್ರೆ 1ಡಿ8 (8 ಮುಖದ ಒಂದು ದಾಳ) ಜಾಸ್ತಿ, ಶತ್ರು ತಾನಾಗಿ ಜಾಗ ಬಿಟ್ರೆ ಮತ್ತೆ 2ಡಿ8. 10ಕ್ಕೆ ಬಂದಾಗ 2/8ರ (ಪಾಲಡಿನ್ 2, ಸೋರ್ಸರರ್ 8) ಸ್ಲಾಟ್ 1ನೇ ಲೆವೆಲ್‌ನಿಂದ ಮೇಲಕ್ಕೆ 4/3/3/3/1, ಅದೇ 6/4ಕ್ಕೆ 4/3/3/1.

ಕವಚಧಾರಿ: ತಾಗಿದ್ರೆ ತಾನೇ. ಒಂದೇ ಏಟು ತಪ್ಪಿದ್ರೆ ಆ ಸುತ್ತೇ ಹೋಯ್ತು, ಸ್ಮೈಟ್ ಮಾಡೋಕೂ ಏನೂ ಉಳಿಯಲ್ಲ. 10ರ ಚಂದ ನೋಡಿ 5ರಿಂದ 8ರವರೆಗೆ ಒದ್ದಾಡೋದು ಯಾಕೆ?

ದಾಳಗಾರ: ಹಾಗಾದ್ರೆ 6 ಆದಮೇಲೆ ಸೋರ್ಸರರ್ ಬದಲು ವಾರ್ಲಾಕ್?

ಮೂರನೇ ಸುತ್ತು: ಅದು ನಿಮ್ಮ ಡಿಎಂ (ಆಟ ನಡೆಸೋರು) ಕೊಡೋ ಶಾರ್ಟ್ ರೆಸ್ಟ್ ಮೇಲೆ ನಿಂತಿದೆ, ವಾರ್ಲಾಕ್‌ನ ಸ್ಲಾಟ್ ಆ ಸಣ್ಣ ವಿಶ್ರಾಂತಿಗೇ ಮತ್ತೆ ತುಂಬುತ್ತೆ. ಎಲ್ಲ ಸ್ಲಾಟ್‌ನೂ ಸ್ಮೈಟ್‌ಗೇ ಸುರಿದ್ರೆ ದಿನಕ್ಕೆ ಎಷ್ಟು ದಾಳ ಅಂತ ನೋಡಿ. ಬರೀ ಪಾಲಡಿನ್ 10: 25ಡಿ8. ಪಾಲಡಿನ್ 6, ಸೋರ್ಸರರ್ 4: 34ಡಿ8. ಪಾಲಡಿನ್ 6, ವಾರ್ಲಾಕ್ 4: ರೆಸ್ಟೇ ಇಲ್ಲದಿದ್ರೆ 20, ಒಂದು ಸಿಕ್ಕಿದ್ರೆ 26, ಎರಡು ಸಿಕ್ಕಿದ್ರೆ 32. ದಿನಕ್ಕೊಂದೇ ದೊಡ್ಡ ಕಾಳಗ ಇಡೋ ಟೇಬಲ್ ಆದ್ರೆ ವಾರ್ಲಾಕ್ ಮರೆತುಬಿಡಿ. ಇನ್ನೊಂದು, ಸ್ಲಾಟ್ ಕೂಡುತ್ತೆ, ಸ್ಪೆಲ್ ಕೂಡಲ್ಲ. 6/4ರಲ್ಲಿ ಎರಡೂ ಕ್ಲಾಸ್‌ನಿಂದ ಸಿಗೋದು 2ನೇ ಲೆವೆಲ್ ಸ್ಪೆಲ್ ತನಕ ಮಾತ್ರ. 4ನೇ ಲೆವೆಲ್ ಸ್ಲಾಟ್ ಬರೀ 5ಡಿ8 ಸ್ಮೈಟ್‌ಗೆ, ಇಲ್ಲಾ ಸಣ್ಣ ಸ್ಪೆಲ್ಲನ್ನೇ ದೊಡ್ಡದು ಮಾಡೋಕೆ.

ನಿಂಬೆಹುಳಿ: 7/3ಕ್ಕೆ ಮಾತ್ರ ನಿಲ್ಲಿಸಬೇಡಿ. ಎಬಿಲಿಟಿ ಸ್ಕೋರ್ ಏರೋದು ಆಯಾ ಕ್ಲಾಸ್‌ನ 4, 8ಕ್ಕೆ. 6/4ಕ್ಕೆ ಎರಡು ಸಿಗುತ್ತೆ. 7/3ಕ್ಕೆ ಒಂದೇ.

ಕವಚಧಾರಿ: ಆ ಎರಡರಲ್ಲಿ ಮೊದಲನೆಯದು, ಸ್ಕೋರ್ ಬದಲು, ವಾರ್ ಕಾಸ್ಟರ್ ಫೀಟ್‌ಗೆ (ಕೈಲಿ ಆಯುಧ, ಗುರಾಣಿ ಇದ್ರೂ ಮಂತ್ರದ ಸನ್ನೆ ಮಾಡೋಕೆ ಬಿಡೋ ವಿಶೇಷ ಕೌಶಲ) ಹೋಗಲಿ. ಎಲ್ಲರೂ ಎಡವೋದು ಇಲ್ಲೇ. ಸೋರ್ಸರರ್‌ನಿಂದ ಶೀಲ್ಡ್ ಅನ್ನೋ ಏಟು ತಡೆಯೋ ಸ್ಪೆಲ್ ತಗೋತಾರೆ, ಅದಕ್ಕೆ ಕೈಸನ್ನೆ ಬೇಕು. ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ, ಯಾವ ಕೈ ಆಡಿಸ್ತೀರಿ? ಆ ಸ್ಪೆಲ್ ರಿಯಾಕ್ಷನ್, ಬರೋದು ಶತ್ರು ಸರದೀಲಿ, ಆಗ ಕತ್ತಿ ಒಳಗಿಡೋಕಾಗಲ್ಲ. ಗುರಾಣಿ ಮೇಲೆ ಹೋಲಿ ಸಿಂಬಲ್ ಇದ್ರೂ ಅದು ಪಾಲಡಿನ್ ಸ್ಪೆಲ್‌ಗೆ ಮಾತ್ರ ಫೋಕಸ್ (ಮಂತ್ರ ಹಾಕೋ ಸಾಧನ). ಗ್ರೇಟ್‌ಸೋರ್ಡ್ ಹಿಡಿದವನಿಗೆ ಈ ತಾಪತ್ರಯ ಇಲ್ಲ, ಒಂದು ಕೈ ಬಿಟ್ರಾಯ್ತು.

ದಾಳಗಾರ: ಮೊದಲ ಲೆವೆಲ್ಲನ್ನೇ ಸೋರ್ಸರರ್ ಮಾಡಿದ್ರೆ ಕಾನ್ ಸೇವ್ ಪ್ರೊಫಿಶಿಯನ್ಸಿ (ಆ ಸೇವ್‌ಗೆ ಬೋನಸ್) ಸಿಗುತ್ತಂತೆ?

ಮೂರನೇ ಸುತ್ತು: ಸಿಗುತ್ತೆ, ಆದ್ರೆ ಹೆವಿ ಆರ್ಮರ್ ಹೋಗುತ್ತೆ. ಎರಡನೇ ಕ್ಲಾಸ್ ಆಗಿ ಬಂದ ಪಾಲಡಿನ್ ಮೀಡಿಯಂ ತನಕ ಮಾತ್ರ ಕೊಡೋದು. ಡೆಕ್ಸ್ 10ರಲ್ಲಿ ಹಾಫ್ ಪ್ಲೇಟ್, ಗುರಾಣಿ ಸೇರಿ ಎಸಿ (ಏಟು ತಾಗದಂತೆ ಕಾಯೋ ಅಂಕ) 17. ಪ್ಲೇಟ್ ಆದ್ರೆ 20. ಆ ಸೇವ್‌ಗೆ ನೆರವಾಗೋಕೆ ಆರಾ, ವಾರ್ ಕಾಸ್ಟರ್ ಎರಡೂ ಬರೋದಿದ್ದಾಗ ಆ 3 ಬಿಡೋದು ದಂಡ. ಅಂದ ಹಾಗೆ ಟೇಬಲ್ 2024ರ ರೂಲ್ಸ್‌ಗೆ ಹೋದ್ರೆ ನನ್ನ ಲೆಕ್ಕ ಇಡೀ ಬಿದ್ದುಹೋಗುತ್ತೆ. ಅಲ್ಲಿ ಸ್ಮೈಟ್ ಬೋನಸ್ ಆಕ್ಷನ್ (ಸರದಿಗೊಂದೇ ಸಿಗೋ ಹೆಚ್ಚಿನ ಕ್ರಿಯೆ) ಸ್ಪೆಲ್, ಸೋರ್ಸರರ್ ಕ್ವಿಕನ್ ಮಾಡಿದ, ಅಂದ್ರೆ ಬೇಗ ಹಾಕಿದ, ಸ್ಪೆಲ್ಲೂ ಅದೇ ಬೋನಸ್ ಆಕ್ಷನ್ ಕೇಳುತ್ತೆ. ಡಿಎಂನ ಮೊದಲು ಅದನ್ನ ಕೇಳಿ.