ಸಹಾಯ ಬೇಕು: ಕೊಡಗಿನಲ್ಲಿ ಬಿಎಫ್‌ಸಿ ಅಭಿಮಾನಿಗಳು ಇದ್ದೀರಾ?

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ನೋಡುವವರು ಯಾರಾದರೂ ಇದ್ದರೆ ಹೇಳಿ. ನಮ್ಮದು ಹಾಕಿ ಊರು, ಗೊತ್ತು. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಫುಟ್‌ಬಾಲ್ ಅಂದರೆ ಸುಮ್ನೆ ಮಳೆಗಾಲದ ಕೆಸರಾಟ! ಆದರೂ 2013ರಲ್ಲಿ ಶುರುವಾಗಿ ಮೊದಲ ಸೀಸನ್‌ನಲ್ಲೇ ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್ ಗೆದ್ದ ಕ್ಲಬ್ ನಮ್ಮ ರಾಜ್ಯದ್ದೇ ಅಲ್ವಾ? ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ನೀಲಿ ಜೆರ್ಸಿ ಹಾಕಿಕೊಂಡು ಪಂದ್ಯ ಪೂರ್ತಿ ನಿಂತು ಹಾಡುವವರನ್ನು ನೋಡಿದ ಮೇಲೆ ಟಿವಿ ಸಪ್ಪೆ ಅನಿಸುತ್ತದೆ. ಆದರೆ ರಾತ್ರಿ ಪಂದ್ಯ ಮುಗಿಸಿ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಓಡಿ, ಸಿಕ್ಕ ಬಸ್ ಹತ್ತಿ, ಬೆಳಗಿನ ಜಾವ ಚಳಿಯಲ್ಲಿ ಇಳಿಯೋದು ಒಬ್ಬರಿಗೆ ಕಷ್ಟ. ಹತ್ತು ಜನ ಸೇರಿದರೆ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡಬಹುದು. ಊರಲ್ಲೇ ಪಂದ್ಯ ನೋಡಲು ದೊಡ್ಡ ಪರದೆ ಇರುವ, ಗಲಾಟೆ ಸಹಿಸುವ ಹೋಟೆಲ್ ಗೊತ್ತಿದ್ದರೆ ತಿಳಿಸಿ. ವೆಸ್ಟ್ ಬ್ಲಾಕ್‌ನವರ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ಕಾಫಿ ಕುಯ್ಲಿನ ಸಮಯದಲ್ಲಿ ಯಾರೂ ಬರಲ್ಲ, ಆ ವಾರಗಳನ್ನು ಬಿಟ್ಟು ಪ್ಲಾನ್ ಮಾಡೋಣ.