ಅಷ್ಟಬಂಧ ಬಿರುಕು ಬಿಡುವುದೇಕೆ?

ಪ್ರಶ್ನೆ: ಅಷ್ಟಬಂಧ (ವಿಗ್ರಹವನ್ನು ಪೀಠಕ್ಕೆ ಕೂರಿಸುವ ಎಂಟು ದ್ರವ್ಯಗಳ ಅಂಟು) ಹಾಕಿದ ಕೆಲವೇ ತಿಂಗಳಲ್ಲಿ ಬಿರುಕು ಬಿಟ್ಟು ಅಭಿಷೇಕದ ನೀರು ಪೀಠದೊಳಗೆ ಇಳಿಯುತ್ತಿದ್ದರೆ ತಪ್ಪೆಲ್ಲಿ? ಜೈನ ಬಿಂಬಗಳ (ವಿಗ್ರಹಗಳ) ಪ್ರತಿಷ್ಠೆಯೂ ಹೀಗೆಯೇ?

ಉತ್ತರ 1: ಬಹುಪಾಲು ಕುಟ್ಟುವುದರಲ್ಲೇ. ಅರಗು, ರಾಳ, ಕಾವಿಕಲ್ಲು, ಜೇನುಮೇಣ, ಎಮ್ಮೆ ಬೆಣ್ಣೆ ಇತ್ಯಾದಿ, ಪಟ್ಟಿ ಸಂಪ್ರದಾಯಕ್ಕೊಂದು. ಆದರೆ ಮೇಣದಂತೆ ಮೆತ್ತಗಾಗುವವರೆಗೂ ಕುಟ್ಟಲೇಬೇಕು. ಅವಸರಕ್ಕೆ ಬೆಣ್ಣೆ ಹೆಚ್ಚು ಸುರಿದರೆ ಗಟ್ಟಿಯಾಗದು, ಕಡಿಮೆಯಾದರೆ ಸೀಳುತ್ತದೆ. ಸಂದಿಯಲ್ಲಿ ತೇವವೋ ಹಳೇ ಎಣ್ಣೆಯೋ ಉಳಿದಿದ್ದರೆ ಕಲ್ಲಿಗೆ ಹಿಡಿಯುವುದೇ ಇಲ್ಲ.

ಉತ್ತರ 2: ಬಿಂಬವನ್ನೂ ಪರೀಕ್ಷಿಸಿ. ಜಲಾಧಿವಾಸದಿಂದ (ಪ್ರತಿಷ್ಠೆಗೆ ಮುನ್ನ ವಿಗ್ರಹವನ್ನು ನೀರಿನಲ್ಲಿ ಇಡುವ ವಿಧಿ) ಎತ್ತಿದ ಕಲ್ಲಿನ ಮೈಯೆಲ್ಲ ಒಣಗಿದರೂ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದರೆ ಅಲ್ಲಿ ಸೀಳಿರಬಹುದು.

ಉತ್ತರ 3: ಜೈನರಲ್ಲಿ ಪ್ರತಿಷ್ಠೆಯೆಂದರೆ ಪಂಚಕಲ್ಯಾಣ, ಜಿನರ (ತೀರ್ಥಂಕರರ) ಬದುಕಿನ ಐದು ಮಂಗಳ ಘಟನೆಗಳ ಆಚರಣೆ: ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ಮೋಕ್ಷ. ಶ್ವೇತಾಂಬರ ಪಂಗಡದವರು ಅಂಜನಶಲಾಕೆ ಎಂಬ ವಿಧಿಯಲ್ಲಿ ಬಿಂಬದ ಕಣ್ಣಿಗೆ ಅಂಜನ ಹಚ್ಚುತ್ತಾರೆ. ಮುಕ್ತರಾದ ಜಿನರು ಬಿಂಬಕ್ಕೆ ಇಳಿದು ಬರುತ್ತಾರೆಂಬ ಭಾವನೆ ಇಲ್ಲಿಲ್ಲ; ಹಿಂದೂ ಪ್ರತಿಷ್ಠೆಗೂ ಇದಕ್ಕೂ ಮೂಲಭೂತ ವ್ಯತ್ಯಾಸ ಇದೇ.