ಸಂಭಾವನೆ ಕೊಟ್ಟ ಮೇಲೆ ಇನ್ನೇನು ಬಾಕಿ? ಟೈಟಲ್ ಮ್ಯೂಸಿಕ್ ನುಡಿಸಿದವರ ಬಗ್ಗೆ ಒಂದು ಜಗಳ

ಮಲೆನಾಡಿಗ:
ಮಾಲ್ಗುಡಿ ಡೇಸ್‌ನ ಶುರುವಿನ ರಾಗ ಗುನುಗಲು ಬಾರದ ಕನ್ನಡಿಗರು ಕಡಿಮೆ. ಶಂಕರ್‌ನಾಗ್ ನಿರ್ದೇಶನ, ಆಗುಂಬೆಯಲ್ಲಿ ಶೂಟಿಂಗ್, ಆರ್.ಕೆ. ಲಕ್ಷ್ಮಣ್ ಚಿತ್ರಗಳು, ಎಲ್. ವೈದ್ಯನಾಥನ್ ಸಂಗೀತ. ಇಷ್ಟನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಅವತ್ತು ಸ್ಟುಡಿಯೋದಲ್ಲಿ ಕೂತು ನುಡಿಸಿದವರು ಯಾರು ಅಂತ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹೊರಗಡೆಯೂ ಇದೇ ಕತೆ. 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿ ಬೊನಾನ್ಜಾ, ಬ್ಯಾಟ್‌ಮನ್ ಎರಡೂ ಟಿವಿ ಸೀರಿಯಲ್‌ಗೆ ಗಿಟಾರ್ ಹಿಡಿದಿದ್ದು ಟಾಮಿ ಟೆಡೆಸ್ಕೊ. ಮಿಷನ್ ಇಂಪಾಸಿಬಲ್‌ನ ಆ ಐದು ಎಣಿಕೆಯ ತಾಳಕ್ಕೆ ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸಿದ್ದು ಕ್ಯಾರೊಲ್ ಕೇ. ಅದೇ ಗುಂಪು ಒಂದು ಹೊತ್ತು ಟಿವಿಗೆ, ಇನ್ನೊಂದು ಹೊತ್ತು ಯಾವುದೋ ಬ್ಯಾಂಡಿನ ಹಾಡಿಗೆ ನುಡಿಸುತ್ತಿತ್ತು. ಬರ್ಡ್ಸ್ ಬ್ಯಾಂಡಿನ ಮೊದಲ ಹಿಟ್ ಹಾಡಿನಲ್ಲಿ ಆ ಬ್ಯಾಂಡಿನವರ ಪೈಕಿ ವಾದ್ಯ ಮುಟ್ಟಿದ್ದು ಒಬ್ಬರೇ. ಉಳಿದ ವಾದ್ಯಗಳೆಲ್ಲ ಬಾಡಿಗೆ ಕೈಗಳದ್ದು. ಕವರ್ ಮೇಲೆ ಮಾತ್ರ ಬ್ಯಾಂಡಿನ ಹುಡುಗರ ಫೋಟೋ.

ನನ್ನ ವಾದ ಇಷ್ಟೇ. ನುಡಿಸಿದವರ ಹೆಸರು ಟೈಟಲ್‌ನಲ್ಲಿ ಬರಬೇಕು. ಮತ್ತೆ ಮತ್ತೆ ಪ್ರಸಾರ ಆದಾಗ ಅವರಿಗೂ ಪಾಲು ಹೋಗಬೇಕು.

ಲೆಕ್ಕ_ಪಕ್ಕಾ:
ಯಾಕೆ ಸರ್? ಕರೆದರು, ಬಂದರು, ನುಡಿಸಿದರು, ದುಡ್ಡು ತಗೊಂಡು ಹೋದರು. ವ್ಯವಹಾರ ಮುಗೀತು. ಮನೆ ಕಟ್ಟಿದ ಗಾರೆಯವರ ಹೆಸರನ್ನು ಯಾರಾದರೂ ಬಾಗಿಲ ಮೇಲೆ ಬರೆಸುತ್ತಾರಾ? ಬಾಡಿಗೆ ಬಂದಾಗೆಲ್ಲ ಅವರಿಗೆ ಪಾಲು ಕೊಡುತ್ತಾರಾ? ರಾಗ ವೈದ್ಯನಾಥನ್ ಅವರದ್ದು. ಅವತ್ತು ಬೇರೆ ಎಂಟು ಜನ ಬಂದಿದ್ದರೂ ಅದು ಮಾಲ್ಗುಡಿ ಡೇಸ್ ರಾಗವೇ ಆಗಿರುತ್ತಿತ್ತು. ನಾನು ಸಣ್ಣ ಪ್ರೊಡಕ್ಷನ್ ಒಂದರ ಲೆಕ್ಕ ನೋಡುವವನು. ಸೀರಿಯಲ್ ಬಜೆಟ್ ಒಳಗಿಂದ ನೋಡಿದರೆ ನೀವು ಈ ಮಾತು ಆಡಲ್ಲ.

ಪಿಟೀಲಕ್ಕ:
ನಾನು ಬೆಂಗಳೂರಿನಲ್ಲಿ ಸೆಷನ್‌ಗೆ, ಅಂದರೆ ಕರೆದಾಗ ಹೋಗಿ ರೆಕಾರ್ಡಿಂಗ್‌ಗೆ, ವಯೊಲಿನ್ ನುಡಿಸುತ್ತೇನೆ. ಇಬ್ಬರೂ ಅರ್ಧ ಸರಿ. ಒಳಗೆ ಏನಾಗುತ್ತೆ ಅಂತ ಹೇಳುತ್ತೇನೆ, ಆಮೇಲೆ ಜಗಳ ಮುಂದುವರಿಸಿ.

ಹೋದ ಕೂಡಲೇ ಕೈಗೆ ಒಂದು ಹಾಳೆ ಬರುತ್ತೆ. ಹಾಡು ಯಾವುದು, ಸೀರಿಯಲ್ ಯಾವುದು ಅಂತ ಎಷ್ಟೋ ಸಲ ಅದರಲ್ಲಿ ಇರಲ್ಲ. ಹೆಡ್‌ಫೋನ್ ಹಾಕಿಕೊಂಡರೆ ತಾಳ ತೋರಿಸುವ ಕ್ಲಿಕ್ ಟಕ್ ಟಕ್ ಅಂತ ಕೇಳುತ್ತೆ. ಪೆನ್ಸಿಲ್‌ನಲ್ಲಿ ಬಿಲ್ಲು ಮೇಲೆ ಯಾವಾಗ, ಕೆಳಗೆ ಯಾವಾಗ ಅಂತ ಗುರುತು ಹಾಕಿಕೊಳ್ಳುತ್ತೇವೆ. ಒಂದು ಸಲ ಓದು, ಎರಡನೇ ಸಲ ಟೇಕ್. ಎಂಟೇ ಜನ ಇದ್ದರೆ ಅದೇ ಬಿಟ್ಟನ್ನು ಮೂರು ಸಲ ನುಡಿಸುತ್ತೇವೆ. ಒಂದರ ಮೇಲೊಂದು ಹಾಕಿದಾಗ ಇಪ್ಪತ್ನಾಲ್ಕು ಜನರ ಹಾಗೆ ಕೇಳುತ್ತೆ. ಈ ಕೆಲಸದಲ್ಲಿ ನನ್ನ ಸ್ವಂತದ್ದು ಅಂತ ಏನೂ ಇಲ್ಲ. ಲೆಕ್ಕ ಸರ್ ಹೇಳಿದ ಹಾಗೆ ಇನ್ನೊಬ್ಬರು ಬಂದರೂ ನಡೆಯುತ್ತೆ.

ಇನ್ನೊಂದು ಥರ ಇದೆ. ಈಗ ಸೀರಿಯಲ್ ಟೈಟಲ್‌ಗೆ ಹೆಚ್ಚಿನದ್ದೆಲ್ಲ ಕೀಬೋರ್ಡ್‌ನಲ್ಲೇ ಮಾಡಿರುತ್ತಾರೆ. ಅದರ ಮೇಲೆ ನಿಜವಾದ ವಾದ್ಯ ಒಂದೇ ಒಂದು, ಕೊಳಲೋ ವಯೊಲಿನ್ನೋ. ಅಲ್ಲಿ ಹಾಳೆ ಇರಲ್ಲ. ‘ಮೇಡಂ, ನಾಯಕಿ ಮನೆ ಬಿಟ್ಟು ಹೋಗ್ತಾಳೆ, ಅಲ್ಲಿಗೆ ಏನಾದ್ರೂ ಕೊಡಿ’ ಅಂತಾರೆ. ನಾಲ್ಕು ಥರ ನುಡಿಸುತ್ತೇನೆ, ಒಂದನ್ನು ಇಟ್ಟುಕೊಳ್ಳುತ್ತಾರೆ. ಆ ಎಂಟು ಸೆಕೆಂಡು ಆಮೇಲೆ ವರ್ಷಗಟ್ಟಲೆ ದಿನಾ ರಾತ್ರಿ ಬರುತ್ತೆ. ಅದನ್ನು ಮಾಡಿದ್ದು ಯಾರು?

ಹಳೇ_ರೇಡಿಯೋ:
ಪಿಟೀಲಕ್ಕನ ಪ್ರಶ್ನೆಗೆ ಟಿವಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ: ಬಿಬಿಸಿಯ ಡಾಕ್ಟರ್ ಹೂ, 1963.

ರಾಗ ಬರೆದದ್ದು ರಾನ್ ಗ್ರೇನರ್. ಅವರು ಕೊಟ್ಟದ್ದು ಬರೀ ರಾಗ, ಬೇಸ್, ಜೊತೆಗೆ ‘ಗಾಳಿಯ ಗುಳ್ಳೆ’, ‘ಮೋಡ’ ಅನ್ನುವಂಥ ಕೆಲವು ಸೂಚನೆ. ಅದನ್ನು ಕಿವಿಗೆ ಕೇಳುವ ಹಾಗೆ ಮಾಡಿದವರು ಡೇಲಿಯಾ ಡರ್ಬಿಶೈರ್. ಕಾರ್ಯಕ್ರಮಗಳಿಗೆ ಹೊಸ ಥರದ ಸದ್ದು ತಯಾರಿಸುವ ಬಿಬಿಸಿಯ ವಿಭಾಗ, ರೇಡಿಯೋಫೋನಿಕ್ ವರ್ಕ್‌ಶಾಪ್‌ನಲ್ಲಿ ಕೆಲಸ. ಕೀಬೋರ್ಡ್ ಸಿಂಥಸೈಜರ್ ಅನ್ನುವುದು ಆಗ ಅವರ ಕೈಯಲ್ಲಿ ಇರಲಿಲ್ಲ. ಬಿಗಿದ ಒಂದು ತಂತಿಯನ್ನು ಮೀಟಿ ಟೇಪಿಗೆ ಹಿಡಿದರು. ಟೇಪಿನ ವೇಗ ಬದಲಿಸಿ ಬೇರೆ ಬೇರೆ ಸ್ವರ ಮಾಡಿಕೊಂಡರು. ಒಂದೊಂದು ಸ್ವರಕ್ಕೂ ಟೇಪಿನ ತುಂಡು ಕತ್ತರಿಸಿ, ಸಾಲಾಗಿ ಅಂಟಿಸಿದರು. ಉಳಿದದ್ದು ಆಸಿಲೇಟರ್‌ಗಳ (ವಿದ್ಯುತ್ತಿನಿಂದ ಸ್ವರ ಹೊರಡಿಸುವ ಉಪಕರಣ) ಕೂಗು. ಹೀಗೆ ಮಾಡಿದ ಟೇಪುಗಳನ್ನು ಬೇರೆ ಬೇರೆ ಯಂತ್ರದಲ್ಲಿ ಹಾಕಿ ಒಟ್ಟಿಗೆ ಶುರು ಮಾಡಬೇಕು. ಒಂದು ಕಡೆ ಏನೋ ತಪ್ಪಾಗಿ ಕೇಳುತ್ತಿತ್ತಂತೆ. ಎಲ್ಲಿ ಅಂತ ಗೊತ್ತಾಗದೆ ಟೇಪುಗಳನ್ನು ಉದ್ದಕ್ಕೆ ಕಾರಿಡಾರಿನಲ್ಲಿ ಬಿಚ್ಚಿ ಹಾಸಿ, ಅಂಟು ಹಾಕಿದ ಜಾಗಗಳನ್ನು ಪಕ್ಕಪಕ್ಕ ಹಿಡಿದು ತಪ್ಪು ಹುಡುಕಿದರು.

ಗ್ರೇನರ್‌ಗೆ ಅದನ್ನು ಕೇಳಿ ತಾನೇ ಬರೆದದ್ದಾ ಅನಿಸುವಷ್ಟು ಬೆರಗಾಯಿತು. ರಾಯಲ್ಟಿಯಲ್ಲಿ ಅರ್ಧ ಡರ್ಬಿಶೈರ್‌ಗೆ ಹೋಗಲಿ ಅಂದರು. ವರ್ಕ್‌ಶಾಪಿನವರ ಹೆಸರು ಹಾಕುವ ಪದ್ಧತಿ ಇಲ್ಲ ಅಂತ ಬಿಬಿಸಿ ಒಪ್ಪಲಿಲ್ಲ. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಆ ಧಾರಾವಾಹಿಯ ಪರದೆ ಮೇಲೆ ಅವರ ಹೆಸರು ಬಂದಿದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಕಂತಿಗೆ.

ಲೆಕ್ಕ_ಪಕ್ಕಾ:
ಚೆನ್ನಾಗಿದೆ. ಆದರೆ ಅವರು ಸಂಬಳದ ನೌಕರರು. ದಿನದ ಲೆಕ್ಕಕ್ಕೆ ಬಂದವರಲ್ಲ. ಆ ಕೆಲಸವೂ ನುಡಿಸುವುದಕ್ಕಿಂತ ಜಾಸ್ತಿ. ಅಪರೂಪದ ಒಂದು ಕತೆ ಇಟ್ಟುಕೊಂಡು ಎಲ್ಲರಿಗೂ ಪಾಲು ಕೊಡಿ ಅಂದರೆ ಹೇಗೆ? ಪಿಟೀಲಕ್ಕನೇ ಹೇಳಿದರಲ್ಲ, ಹೆಚ್ಚಿನ ಕೆಲಸದಲ್ಲಿ ಸ್ವಂತದ್ದೇನೂ ಇಲ್ಲ ಅಂತ.

ಸಾಗರದಾಚೆ:
ಹೆಚ್ಚಿನ ಕೆಲಸ ಅಂತ ಹೇಳಲಿಲ್ಲ ಅವರು, ಸರಿಯಾಗಿ ಓದಿ.

ದಿನದ ಲೆಕ್ಕಕ್ಕೆ ಬಂದವರೇ ಬೇಕಾ? ಗಾಯಕಿ ಕ್ಲೇರ್ ಟಾರಿ ಇದ್ದಾರೆ. 1973ರಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವರು ಒಂದು ಭಾನುವಾರ ಹಾಡಲು ಕರೆದರು. ಸಾಹಿತ್ಯ ಇಲ್ಲ, ಹಿಡಿದು ಹಾಡಲು ರಾಗ ಇಲ್ಲ, ಸುಮ್ನೆ ಏನಾದರೂ ಹಾಡಿ ಅಂದರು. ಭಾನುವಾರ ಆದ್ದರಿಂದ ಡಬಲ್ ರೇಟು, 30 ಪೌಂಡ್. ಆ ಹಾಡು ಇದ್ದ ಆಲ್ಬಂ ಕೋಟಿಗಟ್ಟಲೆ ಮಾರಾಟವಾಯಿತು. ಅವರು 2004ರಲ್ಲಿ ಕೋರ್ಟಿಗೆ ಹೋದರು. 2005ರಲ್ಲಿ ರಾಜಿಯಾಗಿ, ಆ ಹಾಡಿನ ರಚನೆಯಲ್ಲಿ ಅವರ ಹೆಸರೂ ಸೇರಿತು. ಮೂವತ್ತೆರಡು ವರ್ಷ ಬೇಕಾಯಿತು.

ಪಾಲು ಕೊಟ್ಟರೆ ಉದ್ಯಮ ಮುಳುಗುತ್ತೆ ಅನ್ನುವುದೂ ಸುಳ್ಳು. ನಾನಿರುವ ಅಮೆರಿಕದಲ್ಲಿ ಇಂಟರ್‌ನೆಟ್ ರೇಡಿಯೋ, ಸ್ಯಾಟಲೈಟ್ ರೇಡಿಯೋದ ದುಡ್ಡು ಸೌಂಡ್‌ಎಕ್ಸ್‌ಚೇಂಜ್ ಅನ್ನುವ ಸಂಸ್ಥೆ ಮೂಲಕ ಹೋಗುತ್ತೆ. ಅದರಲ್ಲಿ ಶೇ 50 ರೆಕಾರ್ಡಿಂಗ್‌ನ ಮಾಲೀಕರಿಗೆ, ಶೇ 45 ಮುಖ್ಯ ಕಲಾವಿದರಿಗೆ, ಶೇ 5 ಸೆಷನ್ ವಾದಕರಿಗೆ ಮತ್ತು ಕೋರಸ್‌ನವರಿಗೆ. ಐದೇ ಐದು. ಯಾರ ಮನೆಯೂ ಮುಳುಗಿಲ್ಲ. ಹಾಗಂತ ಅಮೆರಿಕವನ್ನು ಹೊಗಳುತ್ತಿಲ್ಲ. ಇಲ್ಲಿ ಮಾಮೂಲಿ ಎಫ್ಎಂ ರೇಡಿಯೋದವರು ಹಾಡಿದವರಿಗೂ ನುಡಿಸಿದವರಿಗೂ ಏನೂ ಕೊಡಲ್ಲ.

ಧಾರವಾಡದಾಂವ:
ಎಲ್ಲಾರೂ ಅಳೋ ಕತೀನ ಹೇಳಾಕತ್ತೀರಿ, ನೋಡ್ರಿ. ಸ್ಟುಡಿಯೋ ಅಂದರೆ ಒಂದು ಪಾಠಶಾಲೆಯೂ ಹೌದು. ನಮ್ಮ ಜಿ.ಕೆ. ವೆಂಕಟೇಶ್ ಹತ್ತಿರ ಮದ್ರಾಸಿನಲ್ಲಿ ಸಹಾಯಕರಾಗಿ ದುಡಿದವರು ಯಾರು? ಇಳಯರಾಜ. ಮಲೆನಾಡಿಗರು ಹೇಳಿದ ಎಲ್. ವೈದ್ಯನಾಥನ್ ಕೂಡ ಅವರ ಹತ್ತಿರವೇ ಇದ್ದವರು. ಆಗ ಕನ್ನಡದ ಹೆಚ್ಚಿನ ಹಾಡು ರೆಕಾರ್ಡ್ ಆಗುತ್ತಿದ್ದದ್ದು ಮದ್ರಾಸಿನಲ್ಲೇ. ಮುಂದೆ ಇಳಯರಾಜ, ಹಂಸಲೇಖ ಮುಂತಾದವರಿಗೆ ಕೀಬೋರ್ಡ್ ನುಡಿಸಿದ ಹುಡುಗ ಎ.ಆರ್. ರೆಹಮಾನ್ ಆದರು. ಇವರ ಪೈಕಿ ಯಾರಾದರೂ ಅವತ್ತು ಹೆಸರು ಹಾಕಿ ಅಂತ ಕೂತಿದ್ದರೆ ಕೆಲಸ ಕಲಿಯುತ್ತಿದ್ದರಾ?

ಬೊಂಬಾಯಿಯಲ್ಲಿಯೂ ಹಂಗ. ಗೋವಾದ ಕಲಾವಿದರು ಸ್ಟಾಫ್ ನೊಟೇಷನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದುತ್ತಿದ್ದರು, ಬರೆಯುತ್ತಿದ್ದರು. ಅದಕ್ಕೇ ಅವರಿಲ್ಲದೆ ಅಲ್ಲಿ ಕೆಲಸ ನಡೆಯುತ್ತಿರಲಿಲ್ಲ. ಅವರಲ್ಲಿ ಒಬ್ಬರಾದ ಆಂಟನಿ ಗೊನ್ಸಾಲ್ವಿಸ್ ಹತ್ತಿರ ವಯೊಲಿನ್ ಕಲಿತವರು ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್. 1977ರಲ್ಲಿ ಅಮಿತಾಭ್ ಬಚ್ಚನ್ ಮೊಟ್ಟೆಯೊಳಗಿಂದ ಎದ್ದು ಬಂದು ಹಾಡುವ ಹಾಡಿನಲ್ಲಿ ಗುರುವಿನ ಹೆಸರು ಬಂತು. ಕ್ರೆಡಿಟ್ ಅಂದ್ರ ಅದು!

ಪಿಟೀಲಕ್ಕ:
ಅಣ್ಣಾ, ಆ ಹಾಡು ಕೇಳಿದವರಲ್ಲಿ ಅಂಥವರೊಬ್ಬರು ನಿಜವಾಗಿ ಇದ್ದರು ಅಂತ ಎಷ್ಟು ಜನಕ್ಕೆ ಗೊತ್ತು? ಎಲ್ಲರೂ ಅದು ಪಾತ್ರದ ಹೆಸರು ಅಂದುಕೊಂಡಿದ್ದಾರೆ.

ನೀವು ಹೇಳಿದ ಮದ್ರಾಸಿನ ಮೂವರೂ ಸಂಗೀತ ನಿರ್ದೇಶಕರಾದರು, ಅದಕ್ಕೇ ಅವರ ಸೆಷನ್ ದಿನಗಳು ನಮಗೆ ಗೊತ್ತು. ಪಕ್ಕದ ಕುರ್ಚಿಯಲ್ಲಿ ಕೂತು ನಲವತ್ತು ವರ್ಷ ವಯೊಲಿನ್ನೇ ನುಡಿಸಿದವರ ಮಾತು ನಾನು ಹೇಳುತ್ತಿರೋದು. ಎಲ್ಲರಿಗೂ ಸಂಗೀತ ನಿರ್ದೇಶಕರಾಗುವ ಆಸೆ ಇರಲ್ಲ. ಚೆನ್ನಾಗಿ ನುಡಿಸುವುದೇ ಕೆಲವರ ಕೆಲಸ.

ಮಲೆನಾಡಿಗ:
ಹೌದು. ‘ರೂಪ್ ತೇರಾ ಮಸ್ತಾನಾ’ ಹಾಡಿನ ಅಕಾರ್ಡಿಯನ್ ತೆಗೆದುಬಿಡಿ, ಏನು ಉಳಿಯುತ್ತೆ? ಅದನ್ನು ನುಡಿಸಿದ್ದು ಕೇರ್ಸಿ ಲಾರ್ಡ್. ಬೇರೆಯವರು ಬಂದಿದ್ದರೂ ಅದೇ ಆಗುತ್ತಿತ್ತು ಅನ್ನುವ ಲೆಕ್ಕ ಸರ್ ಮಾತು ಇಂಥ ಕಡೆ ನಿಲ್ಲಲ್ಲ.

ಕಾನೂನು_ಕಟ್ಟೆ:
ಇಲ್ಲಿಯವರೆಗೆ ಎಲ್ಲರೂ ಹೆಸರು ಬೇರೆ, ದುಡ್ಡು ಬೇರೆ ಅಂತ ಮಾತಾಡುತ್ತಿದ್ದೀರಿ. ನಮ್ಮ ಕಾನೂನಿನಲ್ಲಿ ಅವೆರಡೂ ಒಂದೇ ಹಗ್ಗಕ್ಕೆ ಕಟ್ಟಿವೆ.

1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಹೊಸದಾಗಿ ಬಂದ 38ಎ ಕಲಮಿನ ಪ್ರಕಾರ, ಹಾಡಿದವರು ಅಥವಾ ನುಡಿಸಿದವರು ಒಪ್ಪಿ ಬರೆದುಕೊಟ್ಟ ಮೇಲೆ ನಿರ್ಮಾಪಕರು ಅದನ್ನು ಸಿನಿಮಾದಲ್ಲಿ ಬಳಸುವುದಕ್ಕೆ ಅಡ್ಡಿ ಮಾಡುವ ಹಾಗಿಲ್ಲ. ಆದರೆ ಅದರ ವಾಣಿಜ್ಯ ಬಳಕೆಗೆ ರಾಯಲ್ಟಿ ಪಡೆಯುವ ಹಕ್ಕು ಅವರಿಗೆ ಇದೆ. ಗಾಯಕರು 2013ರಲ್ಲಿ ಸಂಘ ಕಟ್ಟಿಕೊಂಡು ವಸೂಲಿಗೆ ಇಳಿದದ್ದು ಇದರ ಬಲದ ಮೇಲೆ.

ಈಗ ಅದೇ ತಿದ್ದುಪಡಿ ಎರಡನೇ ಕಲಮಿಗೆ ಏನು ಸೇರಿಸಿತು ನೋಡಿ. ಸಿನಿಮಾದಲ್ಲಿ ಒಬ್ಬರ ಪಾಲು ಸಾಂದರ್ಭಿಕ ಅಥವಾ ಪ್ರಾಸಂಗಿಕ ಆಗಿದ್ದು, ಉದ್ಯಮದ ರೂಢಿಯಲ್ಲಿ ಅಂಥವರ ಹೆಸರನ್ನು ಕ್ರೆಡಿಟ್‌ನಲ್ಲಾಗಲಿ ಬೇರೆಲ್ಲೇ ಆಗಲಿ ಹಾಕುವುದಿಲ್ಲ ಅಂತಾದರೆ, ಅವರನ್ನು ‘ಪ್ರದರ್ಶಕ’ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಪ್ರದರ್ಶನವನ್ನು ಯಾರಾದರೂ ವಿರೂಪಗೊಳಿಸಿದರೆ ತಕರಾರು ಎತ್ತಬಹುದು, ಅಷ್ಟೇ. ಕಾಯ್ದೆಯ ವ್ಯಾಖ್ಯೆಯಲ್ಲಿ ಸಿನಿಮಾ ಅಂದರೆ ಯಾವುದೇ ದೃಶ್ಯ ಮುದ್ರಣ, ಹಾಗಾಗಿ ಸೀರಿಯಲ್ಲೂ ಅದರೊಳಗೇ ಬಂತು.

ಅಂದರೆ ಹೆಸರು ಹಾಕದೆ ಇರುವುದು ರೂಢಿ ಆದಷ್ಟೂ ಹಕ್ಕು ಕೇಳುವುದು ಕಷ್ಟ. ರೂಢಿ ಮಾಡುವವರು ಯಾರು? ಹೆಸರು ಹಾಕದೆ ಇರುವವರೇ.

ಲೆಕ್ಕ_ಪಕ್ಕಾ:
ಇದು ನನಗೂ ಹೊಸ ವಿಷಯ. ಆದರೂ ‘ಸಾಂದರ್ಭಿಕ’ ಅಂತಲೂ ಇದೆಯಲ್ಲ. ಎಂಟು ವಯೊಲಿನ್‌ನಲ್ಲಿ ಒಂದು ಅಂದರೆ ಸಾಂದರ್ಭಿಕ ತಾನೇ? ಒಂಟಿ ಕೊಳಲು ಬೇರೆ ಮಾತು, ಅದನ್ನು ಬೇಕಾದರೆ ಒಪ್ಪುತ್ತೇನೆ. ಇನ್ನು ಹೆಸರು ಹಾಕಿದರೂ ಓದುವವರು ಯಾರು? ಎಪಿಸೋಡ್ ಮುಗಿಯುವ ಹೊತ್ತಿಗೆ ಹೆಸರುಗಳು ಓಡುತ್ತವೆ, ಅರ್ಧ ಪರದೆಯಲ್ಲಿ ಮುಂದಿನ ಕಾರ್ಯಕ್ರಮದ ಪ್ರೋಮೋ ಇರುತ್ತೆ.

ಹಳೇ_ರೇಡಿಯೋ:
ಇವತ್ತು ಓದಲಿ ಅಂತ ಯಾರೂ ಹಾಕಲ್ಲ. ಐವತ್ತು ವರ್ಷ ಆದಮೇಲೆ ಕಿತ್ತಾಟ ಬರಬಾರದು ಅಂತ ಹಾಕುವುದು.

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿ 1960ರ ದಶಕ ಪೂರ್ತಿ ತನ್ನ ವಾದಕರ ಹೆಸರನ್ನು ಕವರ್ ಮೇಲೆ ಹಾಕಲಿಲ್ಲ. ಅಲ್ಲಿನ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಹೆಸರು ಅಚ್ಚಾಗಿದ್ದು 1971ರ ಮಾರ್ವಿನ್ ಗೇ ಆಲ್ಬಂನಲ್ಲಿ. ಈ ನಡುವೆ ಏನಾಯಿತು ಗೊತ್ತಾ? ಮಲೆನಾಡಿಗರು ಮೇಲೆ ಹೆಸರಿಸಿದ ಕ್ಯಾರೊಲ್ ಕೇ, ಮೋಟೌನ್‌ನ ಕೆಲವು ದೊಡ್ಡ ಹಾಡಿಗೆ ಬೇಸ್ ನುಡಿಸಿದ್ದು ತಾನು ಅಂತಾರೆ. ಡೆಟ್ರಾಯಿಟ್‌ನವರು ಜೇಮರ್‌ಸನ್ನೇ ಅಂತಾರೆ. ಇಬ್ಬರೂ ದೊಡ್ಡ ಕಲಾವಿದರು. ಕವರ್ ಮೇಲೆ ಒಂದು ಸಾಲು ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಅದೇ ಕಂಪನಿಯ 25ನೇ ವರ್ಷದ ದೊಡ್ಡ ಸಮಾರಂಭ 1983ರಲ್ಲಿ ನಡೆದಾಗ ಜೇಮರ್‌ಸನ್ ಟಿಕೆಟ್ ಕೊಂಡು ಹೋಗಿ ಬಾಲ್ಕನಿಯಲ್ಲಿ ಕೂತಿದ್ದರು. ಅದೇ ವರ್ಷ ತೀರಿಕೊಂಡರು.

ಪಿಟೀಲಕ್ಕ:
ನನ್ನ ಕಡೆಯಿಂದ ಕಾನೂನು ಸರ್‌ಗೆ ಒಂದು ಪ್ರಶ್ನೆ. ರಾಯಲ್ಟಿ ದೂರದ ಮಾತು. ಹೋದ ವರ್ಷ ಒಂದು ಕಡೆ ನುಡಿಸಿದ್ದಕ್ಕೆ ದುಡ್ಡು ಬಂದಿದ್ದೇ ಆರು ತಿಂಗಳಾದ ಮೇಲೆ, ಯಾರು ಅಂತ ಹೇಳಲ್ಲ. ಈಗೀಗ ಸ್ಟುಡಿಯೋ ಬಾಗಿಲಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ‘ಎಲ್ಲಾ ಹಕ್ಕು, ಎಲ್ಲಾ ಮಾಧ್ಯಮ, ಶಾಶ್ವತ’ ಅಂತ ಇರುತ್ತೆ. ಓದಲು ಐದು ನಿಮಿಷ ಕೇಳಿದರೆ ಕ್ಲಿಕ್ ಶುರುವಾಗಿಬಿಟ್ಟಿದೆ ಅಂತಾರೆ. ಏನು ಮಾಡಬೇಕು?

ಕಾನೂನು_ಕಟ್ಟೆ:
ಮೇಡಂ, ಸಹಿಯ ಮೇಲೆ ಎರಡು ಸಾಲು ಕೈಯಲ್ಲೇ ಬರೆಯಿರಿ. ನಿಮ್ಮ ಹೆಸರು, ವಾದ್ಯ, ಯಾವ ತಾರೀಕು, ಎಷ್ಟು ಟ್ರ್ಯಾಕ್. ಮುಂದೆ ‘ಟೈಟಲ್‌ನಲ್ಲಿ ಹೆಸರು ಹಾಕತಕ್ಕದ್ದು’ ಅಂತ. ಆ ಕಾಗದದ ಫೋಟೋ ತೆಗೆದು ಇಟ್ಟುಕೊಳ್ಳಿ. ಇದರಿಂದ ನಾಳೆಯೇ ದುಡ್ಡು ಬರಲ್ಲ. ಆದರೆ ನೀವು ‘ಹೆಸರಿಲ್ಲದ ಸಾಂದರ್ಭಿಕ’ ಅಲ್ಲ ಅನ್ನುವುದಕ್ಕೆ ಒಂದು ದಾಖಲೆ ಆಯಿತು.

ಲೆಕ್ಕ_ಪಕ್ಕಾ:
ನಿಜ ಹೇಳಲಾ? ಹಾಗೆ ಬರೆದರೆ ಮುಂದಿನ ಸಲ ಬೇರೆ ವಯೊಲಿನ್‌ನವರಿಗೆ ಫೋನ್ ಹೋಗುತ್ತೆ. ನಾನೇ ಆ ಫೋನ್ ಮಾಡಿದರೂ ಮಾಡಿದೆ. ಕೆಟ್ಟವನಾಗಿ ಹೇಳುತ್ತಿಲ್ಲ, ನಡೆಯುವುದು ಹಾಗೆ.

ಪಿಟೀಲಕ್ಕ:
ಗೊತ್ತು ಸರ್. ಚೆನ್ನೈನಲ್ಲಿ, ಮುಂಬೈನಲ್ಲಿ ಸಿನಿಮಾ ವಾದಕರ ಸಂಘಗಳು ಹುಟ್ಟಿದ್ದು ಇಂಥ ಕಾರಣಕ್ಕೇ. ನಾನೊಬ್ಬಳೇ ಬರೆದರೆ ನೀವು ಇನ್ನೊಬ್ಬರಿಗೆ ಫೋನ್ ಮಾಡುತ್ತೀರಿ. ಎಂಟೂ ಕುರ್ಚಿಯವರು ಬರೆದರೆ ಯಾರಿಗೆ ಮಾಡುತ್ತೀರಿ?

ಲೆಕ್ಕ_ಪಕ್ಕಾ:
ಕೀಬೋರ್ಡ್‌ನವರಿಗೆ.